ಡಿವೋರ್ಸ್ ಕೇಸ್ ನಡೆಯುತ್ತಿರುವಾಗ ತವರಿನಲ್ಲಿ ದೀಪಾವಳಿ ಹೇಗೆ ಕಳೆಯಲಿ?

ತೀರ್ಥಹಳ್ಳಿ ಕಡೆಯ ತವರಿನಲ್ಲಿದ್ದೀರಿ, ಚಿಕ್ಕ ಮಗ ಜೊತೆಗಿದ್ದಾನೆ, ನೆಂಟರ ಮಾತಿಗೆ ಹೆದರಿಕೆ ಅಂತ ಬರೆದಿದ್ದೀರಿ.

ಮೊದಲು ಮಗನ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಅವನು ಯಾರ ಮನೆಯಲ್ಲಿ ಇರಬೇಕು ಅನ್ನೋದು ಹಬ್ಬದ ಬೆಳಿಗ್ಗೆ ಫೋನಿನಲ್ಲಿ ಜಗಳವಾಡಿ ತೀರ್ಮಾನ ಆಗಬಾರದು. ನೀರು ತುಂಬುವ ದಿನ ಅಪ್ಪನ ಮನೆ, ಗೋಪೂಜೆ ದಿನ ನಿಮ್ಮಲ್ಲಿ, ಕರೆದುಕೊಂಡು ಹೋಗಿ ಬಿಡುವವರು ಯಾರು, ಎಲ್ಲವನ್ನೂ ವಕೀಲರ ಮೂಲಕ ಬರೆಸಿಕೊಳ್ಳಿ. ಗಂಡ ಒಪ್ಪದಿದ್ದರೆ, ಹಿಂದೂ ವಿವಾಹ ಕಾಯ್ದೆಯಡಿ ಕೇಸ್ ಇದ್ದಲ್ಲಿ 26ನೇ ಸೆಕ್ಷನ್ ಪ್ರಕಾರ ಮಗನ ಬಗ್ಗೆ ಮಧ್ಯಂತರ ಆದೇಶ, ಅಂದರೆ ಕೇಸ್ ಮುಗಿಯುವವರೆಗಿನ ತಾತ್ಕಾಲಿಕ ಆದೇಶ ಕೇಳಬಹುದು. ಕೋರ್ಟಿನ ದಸರಾ ರಜೆಗೆ ಮೊದಲೇ ಅರ್ಜಿ ಹಾಕಿಸಿ.

"ಅಳಿಯಂದಿರು ಬರ್ಲಿಲ್ವಾ?" ಅಂತ ಕೇಳೇ ಕೇಳ್ತಾರೆ. ಎಲ್ಲರಿಗೂ ಕಥೆ ಹೇಳಬೇಕಾಗಿಲ್ಲ. "ಕೋರ್ಟಲ್ಲಿದೆ ಚಿಕ್ಕಮ್ಮ, ಈಗ ಬೇಡ" ಅಂದರೆ ಸಾಕು. ಅಮ್ಮನಿಗೂ ಇದನ್ನೇ ಹೇಳಿಕೊಟ್ಟಿರಿ. ಜಾಸ್ತಿ ಪ್ರಶ್ನೆ ಬರೋದು ಅವರಿಗೇ ಅಲ್ವಾ?

ಎಲ್ಲ ಶಾಸ್ತ್ರವನ್ನೂ ಮಾಡಲೇಬೇಕು ಅಂತಿಲ್ಲ. ಮಗನ ಜೊತೆ ಕೊಟ್ಟಿಗೆಗೆ ಹೋಗಿ. ದನದ ಮೈಗೆ ಜೇಡಿ, ಕೆಮ್ಮಣ್ಣಿನ ಅಚ್ಚು ಒತ್ತುವ ಕೆಲಸ ಅವನಿಗೇ ಬಿಡಿ, ನೀವು ಅಡಿಕೆ, ಚೆಂಡು ಹೂವಿನ ಹಾರ ಕಟ್ಟಿ. ಕೈಗೆ ಕೆಲಸವಿದ್ದಾಗ ಮನಸ್ಸು ಅಷ್ಟು ಅಲೆಯೋದಿಲ್ಲ. ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಬಂದಾಗ ಜನ ಸೇರ್ತಾರೆ. ಬೇಡ ಅನ್ನಿಸಿದರೆ ದೀಪಕ್ಕೆ ಎಣ್ಣೆ ಎರೆದು ಒಳಗೆ ಹೋಗಿ ಮಲಗಿ, ತಪ್ಪೇನಿಲ್ಲ.

ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ ಸುಮ್ನೆ ಸಹಿಸಿಕೊಂಡಿರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.