ಸೀಟು ಸಿಕ್ಕಿದೆ, ರೊಕ್ಕ ಸಿಕ್ಕಿಲ್ಲ

ಪ್ರತಿ ವರ್ಷ ಮಾರ್ಚ್-ಏಪ್ರಿಲ್ ಬಂತೆಂದರೆ ಧಾರವಾಡದ ನನ್ನ ಕೋಣೆಗೆ ಇಂಥ ಒಂದಾದರೂ ಮನೆಯವರು ಬರುತ್ತಾರೆ. ಮಗನಿಗೋ ಮಗಳಿಗೋ ವಿದೇಶದ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಸೀಟು ಸಿಕ್ಕಿರುತ್ತದೆ, ಸ್ಕಾಲರ್‌ಶಿಪ್ ಸಿಕ್ಕಿರುವುದಿಲ್ಲ, ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಎಂಜಿನಿಯರಿಂಗ್ ಮಕ್ಕಳಿಗೆ ದಾರಿ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಇತಿಹಾಸ ಓದಿದವರಿಗೆ ಯಾರೂ ಇಲ್ಲ. ಅದಕ್ಕೇ ಹಾಗೆ ಸಲಹೆ ಕೇಳಲು ಬಂದ ಒಬ್ಬ ಹುಡುಗಿಯ ಪ್ರಕರಣ ಬರೆಯುತ್ತಿದ್ದೇನೆ. ಆ ಹುಡುಗಿಯ ಒಪ್ಪಿಗೆ ಇದೆ, ಗುರುತು ಹಿಡಿಯುವಂಥ ವಿವರ ಬದಲಿಸಿದ್ದೇನೆ.

ಗದಗ ಜಿಲ್ಲೆಯ ಹಳ್ಳಿ. ಇತಿಹಾಸದಲ್ಲಿ ಎಂ.ಎ., ಒಳ್ಳೆಯ ಅಂಕ. ಅವಳ ವಿಷಯ ನಮ್ಮ ಸೀಮೆಯ ಹತ್ತಿ. 1840ರ ದಶಕದಲ್ಲಿ ಕಂಪನಿ ಸರ್ಕಾರದವರು ಅಮೆರಿಕದ ಹತ್ತಿ ಬೀಜವನ್ನು ಇಲ್ಲಿನ ಎರೆ ಹೊಲಗಳಲ್ಲಿ ಬಿತ್ತಿಸಿದರು, 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ರೇಟು ಗಗನಕ್ಕೇರಿತು, ಯುದ್ಧ ಮುಗಿದ ಮೇಲೆ ಬಿತ್ತು. ಆಗ ಬೆಳೆದವನ ಮನೆಯಲ್ಲಿ ಏನಾಯಿತು ಅನ್ನೋದು ಅವಳ ಪ್ರಶ್ನೆ. ಇಂಗ್ಲೆಂಡಿನ ಪ್ರೊಫೆಸರ್ ಒಬ್ಬರು ಮೆಚ್ಚಿ ಒಪ್ಪಿಕೊಂಡಿದ್ದರು. ಮೊದಲ ವರ್ಷದ ಹಣ ತೋರಿಸಬೇಕು, ಮುಂದಿನದಕ್ಕೆ ಅಲ್ಲಿಗೆ ಹೋದ ಮೇಲೆ ಏನಾದರೂ ಸಿಗಬಹುದು ಅಂತ ಯಾರೋ ಅವಳ ತಲೆಗೆ ತುಂಬಿದ್ದರು.

ಅಪ್ಪನದು ನಾಲ್ಕು ಎಕರೆ. ಬ್ಯಾಂಕಿಗೆ ಹೋಗಿ ಬಂದಿದ್ದರು. ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕು, ಆದರೆ ಸಾಗುವಳಿ ಹೊಲವನ್ನು ಬ್ಯಾಂಕಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಯಾಕಂದರೆ ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎರಡು ಎಕರೆ ಮಾರುವುದು ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ನನ್ನಿಂದ ಬೇಕಾಗಿದ್ದು ಒಂದು ಮಾತು, ಹೂಂ ಅನ್ನೋದು.

ನಾನು ಹೂಂ ಅನ್ನಲಿಲ್ಲ. ಒಂದು ಹಾಳೆ ತೆಗೆದು ವರ್ಷಗಳ ಲೆಕ್ಕ ಬರೆದೆ. ಅಂಥ ಕಡೆ ಹೊರದೇಶದವರಿಗೆ ಇತಿಹಾಸದ ಪಿಎಚ್‌.ಡಿ. ಫೀ ಒಂದು ವರ್ಷಕ್ಕೇ 30 ಲಕ್ಷದ ಆಸುಪಾಸು. ಬಾಡಿಗೆ, ಊಟ ಬೇರೆ. ವೀಸಾ ಜೊತೆ ಆರೋಗ್ಯ ಶುಲ್ಕ ಅಂತ ವರ್ಷಕ್ಕೆ 776 ಪೌಂಡ್, ಅದನ್ನೂ ಪೂರ್ತಿ ಅವಧಿಗೆ ಮೊದಲೇ ಕಟ್ಟಬೇಕು. ಮೂರರಿಂದ ನಾಲ್ಕು ವರ್ಷ. ಕೂಡಿಸಿದರೆ ಒಂದೂವರೆ ಕೋಟಿ ದಾಟುತ್ತದೆ.

“ಹೊಲ ಹೋದ್ರ ಹೋತು ಬಿಡ್ರಿ ಮೇಡಂ, ಮಗಳು ಮುಂದ ಬರ್ತಾಳಲ್ಲ,” ಅಂದರು ಅಪ್ಪ.

“ಹೌದ್ರಿ ಯಜಮಾನ್ರ. ಎರಡನೇ ವರ್ಷದ ರೊಕ್ಕ ಯಾರು ಕೊಡ್ತಾರ್ರಿ?”

ಉತ್ತರ ಬರಲಿಲ್ಲ. ಅಲ್ಲಿವರೆಗೆ ತಲೆ ತಗ್ಗಿಸಿಕೊಂಡಿದ್ದ ಹುಡುಗಿ ಆಗ ಬಾಯಿಬಿಟ್ಟಳು: “ಮೇಡಂ, ಊರಾಗ ಬಸ್‌ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಹಾಕ್ಯಾರ್ರಿ. ಈಗ ಹೋಗ್ಲಿಲ್ಲಂದ್ರ ಅದರ ಮುಂದ ಹ್ಯಾಂಗ ಅಡ್ಡಾಡ್ಲಿ?”

ಮೊಬೈಲ್‌ನಲ್ಲಿ ತೋರಿಸಿದಳು. ಮೇಲೆ ಅವಳ ದೊಡ್ಡ ಫೋಟೊ, ‘ನಮ್ಮೂರಿನ ಹೆಮ್ಮೆ’ ಅಂತ ಹಳದಿ ಅಕ್ಷರ, ಕೆಳಗೆ ಶುಭ ಕೋರುವವರ ಫೋಟೊ ಒಂದು ಸಾಲು. ನಾನು ಪೆನ್ನು ಕೆಳಗಿಟ್ಟೆ. ಇಷ್ಟೊತ್ತು ನಾವು ರೊಕ್ಕದ ಬಗ್ಗೆ ಮಾತಾಡುತ್ತಿದ್ದೆವು, ಹುಡುಗಿ ಹೆದರಿದ್ದು ಮರ್ಯಾದೆಗೆ. ಅಪ್ಪನೂ ಅದಕ್ಕೇ. “ಈ ಸಾಲಿನಾಗ ಯಾರರ ಎರಡನೇ ವರ್ಷದ ಫೀ ಬಗ್ಗೆ ಕೇಳ್ಯಾರೇನವ್ವಾ?” ಅಂದೆ. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಆಮೇಲೆ ಅತ್ತಳು, ಅಪ್ಪ ಶಲ್ಯ ಕೊಟ್ಟರು, ಕಣ್ಣೊರೆಸಿಕೊಂಡು ಒಂದು ಮಾತಂದಳು: “ನನಗ ಹೋಗೋ ಮನಸ್ಸ ಐತ್ರಿ. ಹಿಂಗ ಹೋಗೋ ಮನಸ್ಸಿಲ್ಲ.” ಮನೆಯವರ ಮುಂದೆ ಅವಳು ಹಾಗಂದಿದ್ದು ಅದೇ ಮೊದಲು. ಅಪ್ಪ ಬಹಳ ಹೊತ್ತು ಅವಳ ಮುಖ ನೋಡಿದರು, “ಮೊದಲ ಹೇಳಬಾರದೇನವ್ವಾ” ಅಂದರು.

ನನ್ನ ಸಲಹೆ ಇಷ್ಟು: ಈ ಸೀಟು ಬಿಡು, ಓದು ಬಿಡಬೇಡ. ಪ್ರೊಫೆಸರಿಗೆ ಇದ್ದದ್ದು ಇದ್ದ ಹಾಗೆ ಬರೆ: ಹಣ ಹೊಂದಿಸಲು ಆಗಲಿಲ್ಲ, ಮುಂದಿನ ಸಲ ಮತ್ತೆ ಅರ್ಜಿ ಹಾಕುತ್ತೇನೆ.

ಇದಕ್ಕೆ ನನ್ನನ್ನು ಬೈದವರಿದ್ದಾರೆ. ಅವಳ ಹಳೆಯ ಉಪನ್ಯಾಸಕರು ಫೋನ್ ಮಾಡಿ, ಶ್ರೀಮಂತರ ಮಗಳಾಗಿದ್ದರೆ ನೀವು ಹೀಗೆ ಹೇಳುತ್ತಿದ್ದಿರಾ ಅಂತ ಕೇಳಿದರು. ಇಲ್ಲ, ಹೇಳುತ್ತಿರಲಿಲ್ಲ. ಉಳ್ಳವರು ಎಡವಿದರೆ ಎದ್ದು ನಿಲ್ಲಲು ಮನೆ ಇರುತ್ತದೆ. ಇಲ್ಲಿ ಅರ್ಧ ದಾರಿಯಲ್ಲಿ ಹಣ ನಿಂತರೆ ಹೊಲವೂ ಇಲ್ಲ, ಪದವಿಯೂ ಇಲ್ಲ, ತಮ್ಮನ ಓದಿಗೂ ಕುತ್ತು. ಪದವಿ ಸಿಕ್ಕರೂ ಲೆಕ್ಕ ನೋಡಿ. ಹೇಗೋ ಬರೀ 50 ಲಕ್ಷ ಸಾಲ ಸಿಕ್ಕಿತು ಅಂದುಕೊಂಡರೂ, ಹತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ 15 ವರ್ಷ ಅಂದರೆ ತಿಂಗಳ ಕಂತೇ 55 ಸಾವಿರ. ಕಾಯಂ ಸಹಾಯಕ ಪ್ರಾಧ್ಯಾಪಕರ ಶುರುವಿನ ಮೂಲ ವೇತನ 57,700. ಕಾಯಂ ಆಗದೆ ಅತಿಥಿ ಉಪನ್ಯಾಸಕರಾಗೇ ಉಳಿದವರನ್ನು ನಾವು ದಿನಾ ನೋಡುತ್ತೇವೆ ಅಲ್ವಾ? ಇತಿಹಾಸದ ಪಿಎಚ್‌.ಡಿ.ಯನ್ನು ಸ್ವಂತ ದುಡ್ಡಲ್ಲಿ ಮಾಡಬಾರದು ಅನ್ನೋದು ನನ್ನ ಗಟ್ಟಿ ನಂಬಿಕೆ. ನಿಮ್ಮ ಸಂಶೋಧನೆ ಬೇಕು ಅನ್ನುವವರು ಅದಕ್ಕೆ ಹಣ ಕೊಡಲಿ.

ಕೊಡುವವರೂ ಇದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ಕ್ಲಾರೆಂಡನ್ ಸ್ಕಾಲರ್‌ಶಿಪ್‌ಗೆ ಬೇರೆ ಅರ್ಜಿಯೇ ಬೇಡ, ಡಿಸೆಂಬರ್-ಜನವರಿಯ ಗಡುವಿನೊಳಗೆ ಪ್ರವೇಶದ ಅರ್ಜಿ ಹಾಕಿದರೆ ಸಾಕು. ಫೀ ಜೊತೆಗೆ ಖರ್ಚಿಗೂ ಕೊಡುತ್ತಾರೆ. ಕೇಂಬ್ರಿಜ್‌ನಲ್ಲಿ ಗೇಟ್ಸ್ ಸ್ಕಾಲರ್‌ಶಿಪ್ ವರ್ಷಕ್ಕೆ ಸುಮಾರು 80 ಮಂದಿಗೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸದ ಪಿಎಚ್‌.ಡಿ. ಸೀಟಿನ ಜೊತೆಗೇ ಸಾಮಾನ್ಯವಾಗಿ ಐದು ವರ್ಷದ ಫೀ ಮನ್ನಾ, ತಿಂಗಳ ಸ್ಟೈಪೆಂಡ್ ಬರುತ್ತದೆ, ಬದಲಿಗೆ ಪಾಠ ಮಾಡಬೇಕು. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ನಿಜ. ಅವಳನ್ನು ಬಹಳ ನೋಯಿಸಿದ್ದು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. ಉಳಿದ ಅರ್ಹತೆ ಎಲ್ಲ ಇತ್ತು. ಆದರೆ 2022ರಲ್ಲಿ ಬದಲಾದ ನಿಯಮದಲ್ಲಿ ಭಾರತದ ಇತಿಹಾಸ, ಸಂಸ್ಕೃತಿ, ಸಮಾಜದ ಮೇಲಿನ ವಿಷಯಗಳನ್ನೇ ಹೊರಗಿಟ್ಟರು. ಧಾರವಾಡದ ಹತ್ತಿ ಅಲ್ಲಿಗೆ ಬಿದ್ದುಹೋಯಿತು. ಇದು ಅನ್ಯಾಯ, ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕಾಯುವ ವರ್ಷ ಸುಮ್ನೆ ಕೂರಬೇಡ ಅಂದೆ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಕಾಗದಪತ್ರ ಬಹಳಷ್ಟು ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿದೆ. ಹೋಗಿ ನೋಡು, ಹಳೆಯ ಮರಾಠಿ ಕಾಗದಪತ್ರ ಓದಲು ಮೋಡಿ ಲಿಪಿ ಕಲಿ, ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆ. ಅದರಲ್ಲೇ ಸಂಶೋಧನೆಗೆ ಹಣ ಕೊಡುವ ಜೆಆರ್‌ಎಫ್ ಫೆಲೋಶಿಪ್ ಆದರೆ ಇಲ್ಲೇ ಪಿಎಚ್‌.ಡಿ.ಗೆ ಸೇರಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ಪಡೆಯಬಹುದು.

ಈಗ ಅವಳು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮುಂಬೈಗೆ ಹೋಗಿ ಬಂದಳು, ಹೊಸ ಅರ್ಜಿಗಳನ್ನು ಹಾಕಿದ್ದಾಳೆ, ಉತ್ತರ ಬಂದಿಲ್ಲ. ಸಿಗದೇ ಇರಬಹುದು. ಆ ಉಪನ್ಯಾಸಕರು ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ನಿಮ್ಮ ಮನೆಗೂ ಇಂಥ ಪತ್ರ ಬಂದಿದ್ದರೆ ಇವತ್ತೇ ವಿಶ್ವವಿದ್ಯಾಲಯಕ್ಕೆ ಈಮೇಲ್ ಮಾಡಿ. ಹಣ ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ, ಫೀ ಮಾತ್ರವೋ ಬಾಡಿಗೆ-ಊಟಕ್ಕೂ ಕೊಡುತ್ತಾರೋ ಅಂತ ಬಿಚ್ಚಿ ಕೇಳಿ. ಅದಕ್ಕೆ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಹೊಲದ ಮೇಲೆ ಯಾರ ಹತ್ತಿರವೂ ಸಂಚಕಾರ ತಗೋಬೇಡಿ.