ಹತ್ತೂವರೆ ಗಂಟೆಯಲ್ಲಿ ಅಮೆರಿಕ ಮುಟ್ಟಲು ಆಗುತ್ತಾ?

ಪ್ರಶ್ನೆ: ಮಗಳು ಓದಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾಳೆ. ಬೆಂಗಳೂರಿನಿಂದ 14,000 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ಗಂಟೆಗೆ 900 ಕಿ.ಮೀ. ಅಂದರೂ ಹದಿನೈದೂವರೆ ಗಂಟೆ ಬೇಕು. ಆದರೆ ಟಿಕೆಟ್‌ನಲ್ಲಿ ಜನವರಿ 12ರ ರಾತ್ರಿ 2ಕ್ಕೆ ಹೊರಟು, ಫ್ರಾಂಕ್‌ಫರ್ಟ್ ಮೇಲೆ ಹೋಗಿ, ಅದೇ ದಿನ ಮಧ್ಯಾಹ್ನ 12.30ಕ್ಕೆ ಇಳಿಯುತ್ತಾಳೆ ಅಂತಿದೆ. ಯಾವುದು ಸರಿ?
- ಓದುಗರು, ಶಿಡ್ಲಘಟ್ಟ

ಉತ್ತರ: ಟಿಕೆಟ್ ಸರಿಯಾಗಿಯೇ ಇದೆ. ಆದರೆ ಮಗಳು ದಾರಿಯಲ್ಲಿರುವುದು ಪೂರ್ತಿ 24 ಗಂಟೆ.

ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅಲ್ಲಿಯ ಗಡಿಯಾರದ್ದು. ಜನವರಿಯಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಿಮಗೆ ಕಂಡ ಹತ್ತೂವರೆ ಗಂಟೆಗೆ ಅದನ್ನು ಕೂಡಿಸಿ, 24 ಆಯ್ತಲ್ವಾ? ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ಹನ್ನೆರಡೂವರೆ ಕೂಡಿಸಬೇಕು.

ಇನ್ನು ದೂರ. ನಿಮ್ಮೂರಲ್ಲಿ ರೇಷ್ಮೆ ನೂಲಿಗೆ ಬರವಿಲ್ಲ. ಶಾಲೆಯ ಗ್ಲೋಬ್ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಎಳೆ ಬಿಗಿಯಾಗಿ ಹಿಡಿದು ನೋಡಿ. ಗೋಡೆಯ ಭೂಪಟ ನೋಡಿದರೆ ಪೆಸಿಫಿಕ್ ಸಾಗರದ ಮೇಲೆ ನೆಟ್ಟಗೆ ಹೋಗಬೇಕು ಅನ್ನಿಸುತ್ತದೆ. ಆದರೆ ನೂಲು ಹಿಮಾಲಯ, ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಸವರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಮೊಬೈಲ್ ಹೇಳುವ 14,000 ಕಿ.ಮೀ. ಈ ನೂಲಿನ ಉದ್ದ. ಮಕ್ಕಳನ್ನೂ ಕೂರಿಸಿಕೊಂಡು ಮಾಡಿ, ತುಂಬಾ ಖುಷಿ ಕೊಡುತ್ತದೆ.

ನಿಮ್ಮ ಮಗಳ ದಾರಿ ಅದಲ್ಲ. ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಮುಂದೆ 9,150. ಅಲ್ಲಿಗೇ ಎರಡೂವರೆ ಸಾವಿರ ಕಿ.ಮೀ. ಜಾಸ್ತಿ ಆಯಿತು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ದಾಟುತ್ತದೆ. ಪಶ್ಚಿಮಕ್ಕೆ ಹೋಗುವ ವಿಮಾನ ಅದಕ್ಕೆ ಎದುರಾಗಿ ಸಾಗಬೇಕು. 2022ರಿಂದ ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶವೂ ಮುಚ್ಚಿದೆ. ಹಾರಾಟಕ್ಕೆ ಇಪ್ಪತ್ತೊಂದು ಗಂಟೆ ಚಿಲ್ಲರೆ, ಮಿಕ್ಕಿದ್ದು ಫ್ರಾಂಕ್‌ಫರ್ಟ್‌ನಲ್ಲಿ ಕಾಯುವ ಹೊತ್ತು.

ಮಗಳು ವಾಪಸ್ ಬರುವಾಗ ಲೆಕ್ಕ ತಿರುಗುತ್ತದೆ. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಾರ್ತಿಯರು, ಎಲ್ಲರೂ ಹೆಣ್ಣುಮಕ್ಕಳೇ, ಉತ್ತರ ಧ್ರುವದ ಮೇಲಿಂದ ಅದನ್ನು ತಂದರು. ಹಾರಿದ್ದು ಸುಮಾರು 17 ಗಂಟೆ. ದೇವನಹಳ್ಳಿಯಲ್ಲಿ ಇಳಿದಾಗ ನಮ್ಮ ಕ್ಯಾಲೆಂಡರ್‌ನಲ್ಲಿ ಜನವರಿ 11!

ಒಂದು ಮಾತು ಮಾತ್ರ ಮರೆಯಬೇಡಿ. 12ರ ರಾತ್ರಿ 2 ಗಂಟೆ ಅಂದರೆ 11ರ ರಾತ್ರಿ ಕಳೆದ ಮೇಲೆ ಬರುವ 2 ಗಂಟೆ. ಇದನ್ನು ತಪ್ಪಾಗಿ ಓದಿ ಮಾರನೇ ದಿನ ಹೋಗಿ ನಿಂತವರಿದ್ದಾರೆ. ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣದಲ್ಲಿರಬೇಕು. ಹಾಗಾಗಿ 11ರ ರಾತ್ರಿ ಬೇಗ ಊಟ ಮುಗಿಸಿ, ಒಂಬತ್ತೂವರೆಗೆಲ್ಲ ಮನೆ ಬಿಡಿ. ಅವಳು ಇಳಿದು ಫೋನ್ ಮಾಡುವಾಗ ಶಿಡ್ಲಘಟ್ಟದಲ್ಲಿ 13ರ ರಾತ್ರಿ 2 ಗಂಟೆ ದಾಟಿರುತ್ತದೆ.