ಸ್ಕ್ಯಾನಿಗಿಂತ ಮೊದಲು ಮನೆ ಡಾಕ್ಟರು

“ನಮ್ಮ ಅತ್ತೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನೆಗಡಿ, ಜ್ವರ ನೋಡುವ ಫ್ಯಾಮಿಲಿ ಡಾಕ್ಟರಿಗೆ ಇದೆಲ್ಲ ಏನು ಗೊತ್ತಾಗುತ್ತದೆ? ನೇರವಾಗಿ ಸ್ಕ್ಯಾನ್ ಮಾಡಿಸುವುದೇ ವಾಸಿ ಅಲ್ವಾ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ನೀವು ಬರೆದದ್ದು ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ “ವಯಸ್ಸಾಯ್ತು, ಅರಳುಮರಳು” ಎಂದು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಆದರೆ ಫ್ಯಾಮಿಲಿ ಡಾಕ್ಟರನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ.

ನರರೋಗ ತಜ್ಞರು ಬೇಕು, ಸ್ಕ್ಯಾನೂ ಬೇಕಾಗಬಹುದು. ಒಪ್ಪಿದೆ. ಆದರೆ ತಜ್ಞರು ನಿಮ್ಮ ಅತ್ತೆಯನ್ನು ನೋಡುವುದೇ ಮೊದಲ ಸಲ. ಹಿಂದೆ ಅತ್ತೆ ಹೇಗಿದ್ದರು ಎಂದು ಗೊತ್ತಿರುವುದು ವರ್ಷಗಳಿಂದ ಬಿ.ಪಿ. ನೋಡುತ್ತಿರುವ ಡಾಕ್ಟರಿಗೆ. ಮಾತ್ರೆಗಳ ಹೆಸರನ್ನು ಪಟಪಟನೆ ಹೇಳುತ್ತಿದ್ದವರು ಈಗ ಏನು ಕೇಳಿದರೂ ಪಕ್ಕದಲ್ಲಿ ಕೂತ ಮಗಳ ಮುಖ ನೋಡುತ್ತಾರೆ. ಹೇಳಿದ ದಿನಕ್ಕೆ ಬರುತ್ತಿದ್ದವರು ದಿನ ತಪ್ಪಿಸುತ್ತಾರೆ. ಹಿಡಿತದಲ್ಲಿದ್ದ ಸಕ್ಕರೆ ಏರುತ್ತದೆ, ಯಾಕೆಂದರೆ ಮಾತ್ರೆ ನುಂಗುವುದೇ ಮರೆತಿರುತ್ತದೆ. ಯಾವ ಸ್ಕ್ಯಾನ್ ಇದನ್ನು ತೋರಿಸುತ್ತದೆ, ಹೇಳಿ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ಮರೆವಿನ ತೊಂದರೆಯಿಂದ ಬಂದಾಗ, ಮರೆವಿನ ಕಾಯಿಲೆಯೊಂದಕ್ಕೆ ಮುಂದೆ ತಮ್ಮ ಹೆಸರೇ ಬಂದ ಡಾಕ್ಟರ್ ಅಲೋಯ್ಸ್ ಅಲ್ಝೈಮರ್ ಮಾಡಿದ್ದೇನು? ಎದುರು ಕೂತು ನಿಮ್ಮ ಹೆಸರೇನು, ಗಂಡನ ಹೆಸರೇನು ಎಂದು ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಂಡರು. ಇಂದಿಗೂ ಶುರು ಅಲ್ಲಿಂದಲೇ. ಮೂರು ಪದ ಹೇಳುವುದು, ಗಡಿಯಾರ ಬರೆಸುವುದು, ಆಮೇಲೆ ಆ ಪದಗಳನ್ನು ಕೇಳುವುದು. ಮಿನಿ-ಕಾಗ್ ಎಂಬ ಈ ಪರೀಕ್ಷೆಗೆ ಸುಮಾರು ಮೂರು ನಿಮಿಷ ಸಾಕು. ತಪ್ಪಿದರೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ, ಎಂದೇ ಅಲ್ಲ, ಇನ್ನೂ ನೋಡಬೇಕು ಎಂದು.

ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಅಲರ್ಜಿ ಮಾತ್ರೆಗಳು ಕೂಡ ತಲೆ ಮಂಕು ಮಾಡುತ್ತವೆ. ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿಗೆ ಮಕ್ಕಳ ಹೆಸರೇ ತಪ್ಪುತ್ತಿತ್ತು. ಅವರ ಹಳೆಯ ಡಾಕ್ಟರು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ನೋಡಿದರು. ಯಾರೋ ಬರೆದುಕೊಟ್ಟ ನಿದ್ದೆ ಮಾತ್ರೆ ಅದರಲ್ಲಿತ್ತು. ಮೆಲ್ಲಗೆ ಬಿಡಿಸಿದರು. ಮೇಷ್ಟ್ರು ಈಗ ಮೊದಲಿನಂತೆ ಪದಬಂಧ ತುಂಬುತ್ತಾರೆ.

ನನ್ನ ಸಿಟ್ಟು ಬೇರೆ ಕಡೆಗಿದೆ. 2017ರಲ್ಲಿ 67 ದೇಶಗಳ ಮಾಹಿತಿ ನೋಡಿದ ಅಧ್ಯಯನವೊಂದರ ಪ್ರಕಾರ, ಜಗತ್ತಿನ ಅರ್ಧದಷ್ಟು ಜನರಿರುವ ದೇಶಗಳಲ್ಲಿ ಫ್ಯಾಮಿಲಿ ಡಾಕ್ಟರಂಥವರು ಒಬ್ಬ ರೋಗಿಗೆ ಕೊಡುವುದು ಸರಾಸರಿ ಐದು ನಿಮಿಷ ಅಥವಾ ಅದಕ್ಕೂ ಕಮ್ಮಿ. ಯಂತ್ರಕ್ಕೆ ಎಷ್ಟು ಬೇಕಾದರೂ ಹಣ ಸುರಿಯುತ್ತೇವೆ. ಕೂತು ಮಾತಾಡಿಸುವ ಡಾಕ್ಟರಿಗೆ ಮಾತ್ರ ಹೊತ್ತೂ ಇಲ್ಲ, ಬೆಲೆಯೂ ಇಲ್ಲ. ಹೀಗಾದರೆ ಮರೆವು ಅವರ ಕಣ್ಣಿಗೆ ಬೀಳುವುದಾದರೂ ಹೇಗೆ?

ನೀವೊಂದು ಕೆಲಸ ಮಾಡಿ. ಅತ್ತೆಯವರಲ್ಲಿ ಏನೇನು ಬದಲಾಗಿದೆ, ಯಾವಾಗಿನಿಂದ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಮರೆವಿನ ವಿಷಯಕ್ಕೆಂದೇ ಬೇರೆ ಸಮಯ ಕೇಳಿ. ಚೀಟಿಯನ್ನು ಡಾಕ್ಟರಿಗೆ ಮೊದಲೇ ತಲುಪಿಸಿ, ಅತ್ತೆಯವರ ಎದುರಿಗೆ ಓದಬೇಡಿ. ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ.